ಶಾಸಕರು ಪ್ರಶ್ನೆ ಕೇಳಿದರು, ಏಳೂಕಾಲರ ಬಸ್ಸು ಮಾತ್ರ ಬರಲಿಲ್ಲ

ಪ್ರಶ್ನೆ: ನಮ್ಮದು ಘಟ್ಟದ ಮೇಲಿನ ಸಣ್ಣ ಊರು. ತಾಲ್ಲೂಕು ಆಸ್ಪತ್ರೆ 38 ಕಿ.ಮೀ. ದೂರ. ಅಪ್ಪನಿಗೆ ಅಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತದೆ. ಬೆಳಿಗ್ಗೆ 7.15ರ ಸರ್ಕಾರಿ ಬಸ್ಸು ತಪ್ಪಿದರೆ ಮುಂದಿನದು 11ಕ್ಕೇ. ಆ 7.15ರ ಬಸ್ಸು ವಾರದಲ್ಲಿ ಎರಡು ದಿನವಾದರೂ ಕೈಕೊಡುತ್ತದೆ. ವಾಪಸ್ ಬರೋಕೆ ಕೊನೆಯ ಬಸ್ಸು ಸಂಜೆ 4ಕ್ಕೆ. ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ಇಲ್ಲ ಅಂತ ಹೆರಿಗೆಗೆ ಹೋದವರನ್ನು ಜಿಲ್ಲಾಸ್ಪತ್ರೆಗೆ ಬರೆದುಕೊಡುತ್ತಾರೆ. ನಮ್ಮ ಶಾಸಕರು ಈ ಬಗ್ಗೆ ವಿಧಾನಸಭೆಯಲ್ಲಿ ಪ್ರಶ್ನೆ ಹಾಕಿದ್ದರು. ಉತ್ತರದ ಪ್ರತಿ ವಾಟ್ಸಾಪ್‌ನಲ್ಲಿ ಊರಿಗೆಲ್ಲ ಬಂತು. ಎಂಟು ತಿಂಗಳಾಯಿತು, ಏನೂ ಬದಲಾಗಿಲ್ಲ. ಇಂಥ ಪ್ರಶ್ನೆಗಳಿಂದ ನಿಜಕ್ಕೂ ಏನಾದರೂ ಆಗುತ್ತದಾ? ಅಥವಾ ಸುಮ್ನೆ ಪೇಪರಿನಲ್ಲಿ ಹೆಸರು ಬರಲಿ ಅಂತಾನಾ?

ಉತ್ತರ: ನೀವು ಕಳಿಸಿದ ಉತ್ತರದ ಫೋಟೊ ನೋಡಿದೆ. ನಾನು ಹತ್ತೊಂಬತ್ತು ವರ್ಷ ಇಬ್ಬರು ಶಾಸಕರ ಹತ್ತಿರ ಇಂಥ ಪ್ರಶ್ನೆಗಳನ್ನೇ ಬರೆದುಕೊಡುತ್ತಿದ್ದವನು. ಹಾಗಾಗಿ ಓದಿದ ಕೂಡಲೇ ಎಲ್ಲಿ ಎಡವಟ್ಟಾಗಿದೆ ಅಂತ ಗೊತ್ತಾಯಿತು. ನಿಮ್ಮ ಶಾಸಕರ ಮನಸ್ಸು ಸರಿಯಾಗಿದೆ, ಪ್ರಶ್ನೆಯ ಹೊಲಿಗೆ ಸರಿಯಿಲ್ಲ.

ಮೊದಲು ಒಂದು ಮಾತು. ಸದನದ ಪ್ರಶ್ನೆಯಿಂದ ಬಸ್ಸು ಬರುವುದಿಲ್ಲ, ಒಂದು ಕಾಗದ ಬರುತ್ತದೆ. ಆ ಕಾಗದದಲ್ಲಿ ಸಚಿವರ ಹೆಸರು ಇರುತ್ತದೆ, ತಾರೀಖು ಇರುತ್ತದೆ. ಅದನ್ನು ಹಿಡಿದು ಏನು ಮಾಡಬಹುದು ಎನ್ನುವುದು ಪ್ರಶ್ನೆಯನ್ನು ಎಷ್ಟು ಬಿಗಿಯಾಗಿ ಬರೆದಿದ್ದರು ಎಂಬುದರ ಮೇಲೆ ನಿಂತಿದೆ. ನಿಮ್ಮ ಕೈಗೆ ಬಂದಿರುವುದು ಸಡಿಲ ಕಾಗದ. ಆದರೆ ಪೂರ್ತಿ ರದ್ದಿಯೂ ಅಲ್ಲ.

ಅದನ್ನೇ ಒಮ್ಮೆ ಓದೋಣ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರ ಕೊರತೆಯಿಂದ ಜನರಿಗೆ ತೊಂದರೆ ಆಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ. (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? ಉತ್ತರ: ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಹುದ್ದೆಗಳ ವಿವರವನ್ನು ಅನುಬಂಧದಲ್ಲಿ ಒದಗಿಸಿದೆ, ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮವಹಿಸಲಾಗುವುದು. (ಇ) ಗ್ರಾಮೀಣ ಭಾಗಕ್ಕೆ ಸಮರ್ಪಕ ಬಸ್ ಸೌಲಭ್ಯ ಒದಗಿಸಲಾಗುವುದೇ? ಉತ್ತರ: ಇದು ಸಾರಿಗೆ ಇಲಾಖೆಗೆ ಸಂಬಂಧಿಸಿದ್ದಾಗಿದೆ.

‘ಬಂದಿದೆ’ ಅನ್ನುವ ಒಂದೇ ಪದ ನೋಡಿ ನಿಮಗೆ ಸಿಟ್ಟು ಬಂದಿರಬೇಕು. ಬರಬಾರದು. ‘ಬಂದಿಲ್ಲ’ ಅಂತ ಬರೆಯಲು ಅವಕಾಶ ಇತ್ತು, ಎಷ್ಟೋ ಸಲ ಹಾಗೇ ಬರೆಯುತ್ತಾರೆ. ಆಗ ಕೆಳಗಿನ (ಆ), (ಇ) ಎಲ್ಲದಕ್ಕೂ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಮುದ್ರೆ. ಪ್ರಶ್ನೆಯನ್ನು ಸರಪಳಿ ಹಾಗೆ ಕಟ್ಟಿದರೆ ಮೊದಲ ಕೊಂಡಿ ಕಳಚಿದ ಕೂಡಲೇ ಎಲ್ಲವೂ ಕಳಚುತ್ತವೆ. ನಿಮ್ಮಲ್ಲಿ ಕೊಂಡಿ ಕಳಚಿಲ್ಲ. ತೊಂದರೆ ಇದೆ ಅಂತ ಸರ್ಕಾರ ಸದನದಲ್ಲಿ ಒಪ್ಪಿಕೊಂಡಿದೆ. ನಾಳೆ ಯಾವ ಅಧಿಕಾರಿಯೂ ‘ಅಂಥ ದೂರು ನಮಗೆ ಬಂದಿಲ್ಲ’ ಅನ್ನುವಂತಿಲ್ಲ.

ಈ ಉತ್ತರ ಹುಟ್ಟುವ ಬಗೆಯೂ ತಿಳಿದಿರಲಿ. ಪ್ರಶ್ನೆ ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್‌ಒ) ಕಚೇರಿಗೆ, ಕೊನೆಗೆ ನಿಮ್ಮ ತಾಲ್ಲೂಕು ಆಸ್ಪತ್ರೆಯ ಮೇಜಿಗೆ ಇಳಿಯುತ್ತದೆ. ಕಚೇರಿಗಳಲ್ಲಿ ಇದನ್ನು ‘ಎಲ್‌ಎಕ್ಯೂ’ ಅಂತಾರೆ, ಪರಿಷತ್ತಿನದ್ದಾದರೆ ‘ಎಲ್‌ಸಿಕ್ಯೂ’. ‘ಎಲ್‌ಎಕ್ಯೂ ಬಂದಿದೆ, ಸಂಜೆಯೊಳಗೆ ಮಾಹಿತಿ ಕಳಿಸಿ’ ಅಂದರೆ ಬೇರೆ ಕೆಲಸವೆಲ್ಲ ಬದಿಗೆ. ಅಂದರೆ ಸಚಿವರು ಓದುವ ಉತ್ತರವನ್ನು ಬರೆಯುವವರು ಬಹುಮಟ್ಟಿಗೆ ನೀವು ಯಾರ ಬಗ್ಗೆ ದೂರುತ್ತಿದ್ದೀರೋ ಅದೇ ಕಚೇರಿಯವರು. ಅವರು ಸುಳ್ಳು ಬರೆಯುವುದಿಲ್ಲ. ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ತಪ್ಪು, ಆಗುತ್ತದೆ, ಆ ಭಯ ಎಲ್ಲರಿಗೂ ಇದೆ. ಆದರೆ ಕೇಳದೇ ಇದ್ದದ್ದನ್ನು ಯಾರೂ ಹೇಳುವುದಿಲ್ಲ.

ಇದಕ್ಕೆ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಾಲ್ಲೂಕು ಆಸ್ಪತ್ರೆಯ ಬಗ್ಗೆ ಪ್ರಶ್ನೆ ಬರೆದೆ. ‘ಅರಿವಳಿಕೆ ತಜ್ಞರ ಹುದ್ದೆ ಖಾಲಿ ಇದೆಯೇ?’ ಅಂತ. ‘ಇಲ್ಲ, ಭರ್ತಿಯಾಗಿದೆ’ ಅಂತ ಉತ್ತರ ಬಂತು. ನಮ್ಮ ಸಾಹೇಬರು ಎದ್ದು ನಿಂತು ‘ಇಲ್ಲ ಸ್ವಾಮಿ, ಅಲ್ಲಿ ಯಾರೂ ಇಲ್ಲ’ ಅಂದರು. ಸಚಿವರು ಕೈಯಲ್ಲಿದ್ದ ಹಾಳೆ ತೋರಿಸಿ ಹೆಸರು ಸಮೇತ ಓದಿದರು. ಆಚೆ ಬೆಂಚಿನಲ್ಲಿ ನಗು. ಸಾಹೇಬರು ಹೊರಗೆ ಬಂದು ನನ್ನ ಮುಖ ನೋಡಿದ ರೀತಿ ಇವತ್ತಿಗೂ ನೆನಪಿದೆ. ಆಮೇಲೆ ವಿಚಾರಿಸಿದರೆ, ಆ ಡಾಕ್ಟರ್ ನಿಯೋಜನೆ ಮೇಲೆ ಬೇರೆ ಜಿಲ್ಲೆಯಲ್ಲಿದ್ದರು. ಸಂಬಳದ ಪಟ್ಟಿಯಲ್ಲಿ ಇಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಅಲ್ಲಿ. ಉತ್ತರದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅವತ್ತಿನಿಂದ ನಾನು ಹುದ್ದೆ ಕೇಳುವುದನ್ನು ಬಿಟ್ಟು ದಿನ ಕೇಳಲು ಶುರು ಮಾಡಿದೆ. ಮಂಜೂರು, ಭರ್ತಿ, ಖಾಲಿ ಎಂಬ ಮೂರು ಕಾಲಂ ಎಲ್ಲ ಉತ್ತರಗಳಲ್ಲೂ ಇರುತ್ತವೆ. ನಾಲ್ಕನೆಯ ಕಾಲಂ ನಾವೇ ಕೇಳಿ ಹಾಕಿಸಬೇಕು: ಕಳೆದ ಹನ್ನೆರಡು ತಿಂಗಳಲ್ಲಿ ಆ ವೈದ್ಯರು ಆ ಆಸ್ಪತ್ರೆಯಲ್ಲಿ ಎಷ್ಟು ದಿನ ಕೆಲಸ ಮಾಡಿದ್ದಾರೆ? ನಿಮ್ಮ ಅನುಬಂಧದಲ್ಲೂ ಅರಿವಳಿಕೆ ತಜ್ಞರ ಮುಂದೆ ‘ಮಂಜೂರು 1, ಭರ್ತಿ 1, ಖಾಲಿ 0’ ಅಂತ ಇದೆ. ಗಮನಿಸಿದ್ದೀರಾ? ನಿಮ್ಮೂರಿನವರು ಡಾಕ್ಟರೇ ಇಲ್ಲ ಅನ್ನುತ್ತಿದ್ದಾರೆ, ಸರ್ಕಾರ ಇದ್ದಾರೆ ಅನ್ನುತ್ತಿದೆ. ಎರಡೂ ನಿಜ ಇರಬಹುದು. ಅದು ನಿಯೋಜನೆಯೋ, ದೀರ್ಘ ರಜೆಯೋ, ಅಥವಾ ವಾರಕ್ಕೆ ಎರಡೇ ದಿನ ಬರುತ್ತಾರೋ ಎನ್ನುವುದು ಮುಂದಿನ ಪ್ರಶ್ನೆಯಲ್ಲಿ ಹೊರಬೀಳಬೇಕು.

ಅರಿವಳಿಕೆ ತಜ್ಞರ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಸ್ತ್ರೀರೋಗ ತಜ್ಞರಿದ್ದು ಇವರಿಲ್ಲದಿದ್ದರೆ ಸಿಸೇರಿಯನ್ ಇಲ್ಲ. ಸರ್ಜನ್ ಇದ್ದರೂ ಕೈಕಟ್ಟಿ ಕೂರಬೇಕು. ಒಂದು ಖಾಲಿ ಕುರ್ಚಿ ಇನ್ನೆರಡು ಕುರ್ಚಿಗಳನ್ನೂ ಖಾಲಿ ಮಾಡಿಸುತ್ತದೆ. ‘ವೈದ್ಯರ ಕೊರತೆ’ ಅಂತ ಒಟ್ಟಾಗಿ ಬರೆದರೆ ಈ ಸೂಕ್ಷ್ಮ ಕಳೆದುಹೋಗುತ್ತದೆ. ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷ ಕಡ್ಡಾಯ ಸೇವೆ ಎಂಬ ಕಾನೂನನ್ನು ನಮ್ಮ ರಾಜ್ಯ 2012ರಲ್ಲೇ ಮಾಡಿತು. ಅದರಿಂದ ಪಿಎಚ್‌ಸಿಗಳಿಗೆ ಒಂದಿಷ್ಟು ಹೊಸ ಡಾಕ್ಟರುಗಳು ಬಂದರು, ನಿಜ. ತಜ್ಞರ ಕಥೆ ಬೇರೆ. ಅವರಿಗೆ ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಸಿಗುವುದಕ್ಕೂ ಇಲ್ಲಿಗೂ ಅಜಗಜಾಂತರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ (ಇ) ಪ್ರಶ್ನೆಗೆ ‘ಸಾರಿಗೆ ಇಲಾಖೆಗೆ ಸಂಬಂಧಿಸಿದ್ದು’ ಅಂತ ಬಂದಿದೆಯಲ್ಲ, ಇಡೀ ತೊಡಕು ಇಲ್ಲೇ ಇದೆ.

ನಿಮ್ಮ ಅಪ್ಪನ ದಿನವನ್ನು ಗಡಿಯಾರ ಇಟ್ಟು ನೋಡೋಣ. ಡಯಾಲಿಸಿಸ್ ಅಂದರೆ ಯಂತ್ರಕ್ಕೆ ಸುಮಾರು ನಾಲ್ಕು ಗಂಟೆ. 7.15ರ ಬಸ್ಸು ಬಂದರೆ 8.30ಕ್ಕೆ ಆಸ್ಪತ್ರೆ, ಬೆಳಗಿನ ಪಾಳಿ, ಮಧ್ಯಾಹ್ನ 1ಕ್ಕೆ ಮುಗಿಯಿತು, ಊಟ ಮಾಡಿ 4ರ ಬಸ್ಸು. ಕಷ್ಟ, ಆದರೆ ನಡೆಯುತ್ತದೆ. ಬಸ್ಸು ಕೈಕೊಟ್ಟರೆ 11ರದ್ದು ಹತ್ತಬೇಕು. ತಲುಪುವಾಗ 12.15. ಎರಡನೇ ಪಾಳಿಗೆ ಹತ್ತಿಸಿಕೊಂಡರೂ ಮುಗಿಯುವಾಗ ಐದು ಗಂಟೆ ಹತ್ತಿರ. ಕೊನೆಯ ಬಸ್ಸು ಹೋಗಿ ಸುಮಾರು ಒಂದು ಗಂಟೆ ಆಗಿರುತ್ತದೆ. ಆಮೇಲೆ ಜೀಪೋ ಆಟೋನೋ ಮಾಡಿಕೊಂಡು ಬರಬೇಕು. ಸರ್ಕಾರ ಡಯಾಲಿಸಿಸನ್ನು ಪುಕ್ಕಟೆ ಮಾಡಿದೆ, ಆದರೆ ಮನೆಗೆ ಬರೋಕೆ ಸಾವಿರಾರು ರೂಪಾಯಿ.

ಈಗ ಇದೇ ಸಂಗತಿಯನ್ನು ಎರಡು ಇಲಾಖೆಗಳಿಗೆ ಬೇರೆ ಬೇರೆಯಾಗಿ ಕೇಳಿ. ಆರೋಗ್ಯ ಇಲಾಖೆ ಹೇಳುತ್ತದೆ: ಡಯಾಲಿಸಿಸ್ ಘಟಕ ಎರಡು ಪಾಳಿಯಲ್ಲಿ ಕಾರ್ಯನಿರ್ವಹಿಸುತ್ತಿದೆ. ಸಾರಿಗೆ ಇಲಾಖೆ ಹೇಳುತ್ತದೆ: ಸದರಿ ಮಾರ್ಗದಲ್ಲಿ ಪ್ರತಿದಿನ ಇಷ್ಟು ಸುತ್ತುವಳಿಗಳನ್ನು (ಟ್ರಿಪ್) ಆಚರಣೆ ಮಾಡಲಾಗುತ್ತಿದೆ. ಎರಡೂ ಸರಿ. ಆ ಎರಡು ಸರಿಗಳ ನಡುವಿನ ಒಂದು ಗಂಟೆಯಲ್ಲಿ ನಿಮ್ಮ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತಾರೆ.

ಸದನದಲ್ಲಿ ಇಲಾಖೆಗಳನ್ನು ಗುಂಪು ಮಾಡಿ, ಯಾವ ಸಚಿವರು ಯಾವ ದಿನ ಉತ್ತರಿಸಬೇಕು ಅಂತ ಹಂಚಿರುತ್ತಾರೆ. ಆರೋಗ್ಯ ಒಂದು ದಿನ, ಸಾರಿಗೆ ಇನ್ನೊಂದು ದಿನ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದರೆ ಅರ್ಧಕ್ಕೆ ಮಾತ್ರ ಉತ್ತರ ಸಿಗುತ್ತದೆ. ಸಾಲದ್ದಕ್ಕೆ ಆರೋಗ್ಯವೂ ಒಂದೇ ಅಲ್ಲ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ ಸೇರಿದ್ದು. ಜಿಲ್ಲಾಸ್ಪತ್ರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಜೊತೆ ಸೇರಿಕೊಂಡಿದ್ದರೆ ಅದು ವೈದ್ಯಕೀಯ ಶಿಕ್ಷಣ ಇಲಾಖೆಯ ಲೆಕ್ಕ, ಸಚಿವರೇ ಬೇರೆ. ರಸ್ತೆ ಲೋಕೋಪಯೋಗಿಯದ್ದೋ ಪಂಚಾಯತ್ ರಾಜ್‌ನದ್ದೋ ನೋಡಬೇಕು. ರಾಷ್ಟ್ರೀಯ ಹೆದ್ದಾರಿ ಆದರೆ ‘ಕೇಂದ್ರದ ವ್ಯಾಪ್ತಿಗೆ ಬರುತ್ತದೆ’ ಎಂದು ಕೈತೊಳೆದುಕೊಳ್ಳುತ್ತಾರೆ. ರೋಗಿಗೆ ಒಂದೇ ಪ್ರಯಾಣ, ಸರ್ಕಾರಕ್ಕೆ ನಾಲ್ಕು ಕಡತ.

ಹಾಗಾದರೆ ಏನು ಮಾಡಬೇಕು? ಎರಡು ಬೇರೆ ಪ್ರಶ್ನೆ ಹಾಕಿಸಿ. ಆದರೆ ಆಸ್ಪತ್ರೆಯ ಗಡಿಯಾರವನ್ನು ಬಸ್ಸಿನ ಪ್ರಶ್ನೆಯೊಳಗೆ ಇಡಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಸದನದ ಭಾಷೆ ಸ್ವಲ್ಪ ಒರಟು, ಇರಲಿ.

ಆರೋಗ್ಯ ಸಚಿವರಿಗೆ: ‘(ಅ) ಸದರಿ ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ತಜ್ಞರು ಕಳೆದ 12 ತಿಂಗಳಲ್ಲಿ ಇದೇ ಆಸ್ಪತ್ರೆಯಲ್ಲಿ ಎಷ್ಟು ದಿನ ಕರ್ತವ್ಯ ನಿರ್ವಹಿಸಿದ್ದಾರೆ, (ತಿಂಗಳವಾರು ವಿವರ ನೀಡುವುದು) (ಆ) ಸದರಿಯವರನ್ನು ಬೇರೆಡೆಗೆ ನಿಯೋಜಿಸಲಾಗಿದೆಯೇ, ಆದೇಶದ ದಿನಾಂಕ ಹಾಗೂ ಅವಧಿ ಎಷ್ಟು, (ಇ) ಇದೇ ಅವಧಿಯಲ್ಲಿ ಹೆರಿಗೆಗೆಂದು ಬಂದ ಎಷ್ಟು ಮಂದಿಯನ್ನು ಬೇರೆ ಆಸ್ಪತ್ರೆಗೆ ಕಳುಹಿಸಲಾಗಿದೆ, ಕಾರಣಗಳೇನು?’

ಸಾರಿಗೆ ಸಚಿವರಿಗೆ: ‘(ಅ) ಸದರಿ ಘಟಕದಿಂದ ಬೆಳಿಗ್ಗೆ 7.15ರ ಸುತ್ತುವಳಿಯು ಕಳೆದ 6 ತಿಂಗಳಲ್ಲಿ ಎಷ್ಟು ದಿನ ರದ್ದಾಗಿದೆ. (ದಿನಾಂಕ ಮತ್ತು ಕಾರಣ ಸಹಿತ) (ಆ) ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಎರಡನೇ ಪಾಳಿ ಸಂಜೆ 5ಕ್ಕೆ ಮುಕ್ತಾಯವಾಗುವುದರಿಂದ, ಸಂಜೆ 4ರ ಕೊನೆಯ ಬಸ್ಸನ್ನು 5.30ಕ್ಕೆ ಬದಲಾಯಿಸಲು ಇರುವ ಅಡಚಣೆಗಳೇನು?’

ನೋಡಿ, ಇಲ್ಲಿ ‘ಗಮನಕ್ಕೆ ಬಂದಿದೆಯೇ’ ಇಲ್ಲ. ‘ಸಮರ್ಪಕ’ ಇಲ್ಲ. ಪ್ರತಿಯೊಂದಕ್ಕೂ ಅಂಕಿಯಲ್ಲಿ ಉತ್ತರ ಕೊಡಲೇಬೇಕು. ಕೊನೆಯದರಲ್ಲಿ ‘ಬದಲಾಯಿಸಲಾಗುವುದೇ’ ಅಂತ ಕೇಳಿಲ್ಲ, ‘ಅಡಚಣೆ ಏನು’ ಅಂತ ಕೇಳಿದೆ. ಬದಲಾಯಿಸಲಾಗುವುದೇ ಅಂದರೆ ‘ಪರಿಶೀಲಿಸಲಾಗುವುದು’ ಅಂತಾರೆ. ಅಡಚಣೆ ಏನು ಅಂದರೆ ಡಿಪೋ ಮ್ಯಾನೇಜರ್ ಒಂದು ಕಾರಣ ಹುಡುಕಬೇಕು. ಕಾರಣ ಇಲ್ಲದಿದ್ದರೆ ಬಸ್ಸಿನ ಸಮಯ ಬದಲಾಯಿಸುವುದೇ ಅವರಿಗೆ ಸುಲಭ. ನಾನು ಎರಡು ಸಲ ಹೀಗೇ ಆಗಿದ್ದು ನೋಡಿದ್ದೇನೆ. ಉತ್ತರ ಸದನಕ್ಕೆ ಬರುವ ಮೊದಲೇ ‘ಈಗಾಗಲೇ ಕ್ರಮವಹಿಸಲಾಗಿದೆ’ ಅಂತ ಬರೆಯುವ ಆಸೆಗೆ ಕೆಳಗಿನವರು ಕೆಲಸ ಮಾಡಿಬಿಟ್ಟಿದ್ದರು.

ಬಸ್ಸಿನ ಬಗ್ಗೆ ಇನ್ನೂ ಸ್ವಲ್ಪ. 11 ಜೂನ್ 2023ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಆಸ್ಪತ್ರೆಗೆ ಹೋಗುವುದು ಸಲೀಸಾಯಿತು. ದುಡ್ಡಿಗಾಗಿ ಗಂಡನ ಮುಖ ನೋಡಬೇಕಾಗಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಟಿಕೆಟ್ ಪುಕ್ಕಟೆ ಆದ ಮಾತ್ರಕ್ಕೆ ಬಸ್ಸು ಹುಟ್ಟುವುದಿಲ್ಲ ಅಲ್ವಾ? ಟ್ರಿಪ್ ರದ್ದಾಗುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ: ಡ್ರೈವರ್ ಇಲ್ಲ, ಬಸ್ಸು ಕೆಟ್ಟಿದೆ, ಅಥವಾ ಜಾತ್ರೆಗೋ ಸಮಾವೇಶಕ್ಕೋ ಬಸ್ಸು ಹೋಗಿದೆ. ಕಲೆಕ್ಷನ್ ಕಡಿಮೆ ಇರುವ ರೂಟು ಮೊದಲು ಬಲಿಯಾಗುತ್ತದೆ. ಹಳ್ಳಿಗಳ ರೂಟು ಅಂದರೆ ಅದೇ. ಇದಕ್ಕೇ ‘ದಿನಾಂಕ ಮತ್ತು ಕಾರಣ ಸಹಿತ’ ಅಂತ ಕೇಳಬೇಕು. ರಾಜಕೀಯ ಸಮಾವೇಶದ ದಿನ ನಿಮ್ಮ ಅಪ್ಪನ ಬಸ್ಸು ರದ್ದಾಗಿದೆ ಅಂತ ಸರ್ಕಾರದ್ದೇ ಕಾಗದದಲ್ಲಿ ಬಂದರೆ ಉಪಪ್ರಶ್ನೆ ಕೇಳೋಕೆ ಶಾಸಕರಿಗೆ ಬೇರೇನೂ ಬೇಡ.

ನಿಮ್ಮ ಡಿಪೋ ಯಾವ ನಿಗಮಕ್ಕೆ ಸೇರಿದ್ದು ಅಂತಲೂ ನೋಡಿಕೊಳ್ಳಿ. ಜನ ಎಲ್ಲದಕ್ಕೂ ಕೆಎಸ್‌ಆರ್‌ಟಿಸಿ ಅಂತಾರೆ. ಉತ್ತರ ಕನ್ನಡದ ಶಿರಸಿ ವಿಭಾಗ ಹುಬ್ಬಳ್ಳಿಯ ವಾಯವ್ಯ ಸಾರಿಗೆಯದ್ದು, ಬೀದರ್ ರಾಯಚೂರು ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆಯದ್ದು. ಕರಾವಳಿಯಂತೆ ಖಾಸಗಿ ಬಸ್ಸುಗಳೇ ಜಾಸ್ತಿ ಇರುವ ಕಡೆಯಾದರೆ ದಾರಿ ಇನ್ನೊಂದು. ಪರ್ಮಿಟ್ ಕೊಡುವುದು, ಟೈಮಿಂಗ್ ನಿಗದಿ ಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪರ್ಮಿಟ್ ಇಟ್ಟುಕೊಂಡು ಭಾನುವಾರ ಬಸ್ಸು ಓಡಿಸದವರ ಬಗ್ಗೆ ಅಲ್ಲಿಗೇ ಬರೆಯಬಹುದು.

ದೂರ ಅಂದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡಕ್ಕಿಂತ ಬೇರೆ ಸಾಕ್ಷಿ ಬೇಡ. ಮೆಡಿಕಲ್ ಕಾಲೇಜು ಕಾರವಾರದಲ್ಲಿದೆ, ಅಂದರೆ ಜಿಲ್ಲೆಯ ಒಂದು ಮೂಲೆಯಲ್ಲಿ, ಗೋವಾ ಗಡಿ ಹತ್ತಿರ. ಶಿರಸಿಯವರು ತಲೆಗೆ ಪೆಟ್ಟಾದವರನ್ನು ಘಟ್ಟ ಇಳಿಸಿ ಕಾರವಾರಕ್ಕೆ ಒಯ್ಯುವ ಬದಲು ಹುಬ್ಬಳ್ಳಿಗೇ ಓಡುತ್ತಾರೆ, ಅದು ಸುಮಾರು ನೂರು ಕಿ.ಮೀ. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರು ಟೋಲ್ ಗೇಟಿನ ಹತ್ತಿರ ಜಾರಿ ಪಲ್ಟಿಯಾಗಿ ನಾಲ್ವರು ಸತ್ತರು. ಆ ವಿಡಿಯೊ ನೀವೂ ನೋಡಿರುತ್ತೀರಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಆಗ ಭುಗಿಲೆದ್ದಿತು. ಸದನದಲ್ಲೂ ಆ ಜಿಲ್ಲೆಯ ಶಾಸಕರು ಪಕ್ಷ ನೋಡದೆ ಕೇಳಿದ್ದಾರೆ. ನನಗೆ ಆ ಬೇಡಿಕೆಯ ಬಗ್ಗೆ ಗೌರವ ಇದೆ. ಆದರೆ ದೊಡ್ಡ ಆಸ್ಪತ್ರೆ ಎಂಬ ದೊಡ್ಡ ಪ್ರಶ್ನೆಗೆ ಬರುವ ಉತ್ತರವೂ ದೊಡ್ಡದೇ: ಜಾಗ ನೋಡಬೇಕು, ಅಂದಾಜು ಪಟ್ಟಿ, ಆರ್ಥಿಕ ಇಲಾಖೆ, ಮುಂದಿನ ಬಜೆಟ್. ಅದು ಬರುವ ತನಕ ಕುಮಟಾದಲ್ಲೋ ಶಿರಸಿಯಲ್ಲೋ ರಾತ್ರಿ ಅರಿವಳಿಕೆ ತಜ್ಞರಿದ್ದಾರಾ ಎಂಬ ಸಣ್ಣ ಪ್ರಶ್ನೆಯನ್ನು ಯಾರೂ ಬಿಡಬಾರದು.

ಹಳ್ಳಿಯ ಕಷ್ಟ ಹೇಳಿಕೊಳ್ಳುವುದಕ್ಕೆ ನಮ್ಮಲ್ಲಿ ಹಳೇ ಚಾಳಿ ಇದೆ ಬಿಡಿ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ 144 ಜನ ಸೇರಿದ್ದರು. ಮತ ಹಾಕುವ ಅಧಿಕಾರ ಇರಲಿಲ್ಲ, ಹೇಳಿಕೊಳ್ಳುವ ಅಧಿಕಾರ ಮಾತ್ರ. ಈಗಿನವರಿಗೆ ಉತ್ತರ ಪಡೆಯುವ ಅಧಿಕಾರ ಇದೆ. ಎಷ್ಟೋ ಶಾಸಕರು ಇನ್ನೂ ಹೇಳಿಕೊಳ್ಳುವುದರಲ್ಲೇ ಇದ್ದಾರೆ.

ಪ್ರಶ್ನೆ ಹಾಕುವ ಬಗೆಗಳಲ್ಲೂ ವ್ಯತ್ಯಾಸ ಇದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಲ್ಲಿ ಉತ್ತರಿಸಬೇಕು, ಅದಕ್ಕೆ ಉಪಪ್ರಶ್ನೆ ಕೇಳಬಹುದು, ಟಿವಿಯಲ್ಲಿ ಬರುತ್ತದೆ. ಎಲ್ಲರಿಗೂ ಅದೇ ಬೇಕು. ಆದರೆ ದಿನಕ್ಕೆ ಪಟ್ಟಿಯಲ್ಲಿ ಬರುವುದು ಹದಿನೈದು, 224 ಜನ ಶಾಸಕರು. ಗಲಾಟೆ ಆದರೆ ಆ ಹದಿನೈದೂ ಮುಗಿಯುವುದಿಲ್ಲ. ವಿವರವಾದ ಅಂಕಿ ಬೇಕಾದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಮೇಲು. ಉತ್ತರ ಲಿಖಿತವಾಗಿ ಬರುತ್ತದೆ, ಅನುಬಂಧ ಸಮೇತ. ನಿಮ್ಮ ಕೆಲಸಕ್ಕೆ ಬೇಕಾಗಿರುವುದು ಅದೇ. ಆ ಅಂಕಿ ಕೈಗೆ ಬಂದ ಮೇಲೆ ನಿಯಮ 73ರ ಕೆಳಗೆ ಗಮನ ಸೆಳೆಯುವ ಸೂಚನೆ ಕೊಟ್ಟು ಸಚಿವರ ಬಾಯಲ್ಲಿ ಮಾತು ಹೊರಡಿಸಬಹುದು. ಮೊದಲು ಕಾಗದ, ಆಮೇಲೆ ಮೈಕು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಅಧಿವೇಶನ ಯಾವಾಗ ಅಂತ ಕಾಯುವುದೇ ಒಂದು ತಪಸ್ಸು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ 2005ರಲ್ಲಿ ನಮ್ಮ ವಿಧಾನಮಂಡಲವೇ ಕಾನೂನು ಮಾಡಿಕೊಂಡಿತು. ಅದನ್ನು ಪಾಲಿಸಿದ್ದು ಅಪರೂಪ. ಹಾಗಾಗಿ ಅಧಿವೇಶನದ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ಶಾಸಕರ ಮನೆಗೆ ಹೋದರೆ ತಡವಾಗಿರುತ್ತದೆ. ಪ್ರಶ್ನೆಗಳನ್ನು ಎಷ್ಟೋ ದಿನ ಮೊದಲೇ ಕೊಟ್ಟಿರಬೇಕು. ಇವತ್ತೇ ಬರೆದು ಅವರ ಆಪ್ತ ಸಹಾಯಕರ ಕೈಗೆ ಕೊಡಿ. ಶಾಸಕರಿಗೆ ಕೊಟ್ಟರೆ ಜೇಬಿಗೆ ಹೋಗುತ್ತದೆ, ಪಿಎಗೆ ಕೊಟ್ಟರೆ ಫೈಲಿಗೆ ಹೋಗುತ್ತದೆ. ಇನ್ನೊಂದು ಮಾತು: ನಿಮ್ಮ ಶಾಸಕರು ಮುಂದೆ ಸಚಿವರಾಗಿಬಿಟ್ಟರೆ ಅವರು ಪ್ರಶ್ನೆ ಕೇಳುವಂತಿಲ್ಲ, ಉತ್ತರ ಕೊಡುವ ಸಾಲಿಗೆ ಹೋದರು. ಆಗ ನಿಮ್ಮ ಭಾಗದ ವಿಧಾನ ಪರಿಷತ್ ಸದಸ್ಯರನ್ನು ಹಿಡಿಯಿರಿ. ಪರಿಷತ್ತಿನಲ್ಲಿ 75 ಜನರೇ ಇರುವುದು.

ಈಗ ಕೈಯಲ್ಲಿರುವ ಹಳೇ ಉತ್ತರದ ಗತಿ. ‘ಕ್ರಮವಹಿಸಲಾಗುವುದು’ ಎನ್ನುವುದು ಸದನಕ್ಕೆ ಕೊಟ್ಟ ಮಾತು. ಇಂಥ ಮಾತುಗಳನ್ನು ಹೆಕ್ಕಿ, ಏನಾಯಿತು ಅಂತ ಇಲಾಖೆಯನ್ನು ಕರೆದು ಕೇಳುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. ಆ ಸಮಿತಿಯ ಕೆಲಸ ನಿಧಾನ, ಸುದ್ದಿಯೂ ಆಗುವುದಿಲ್ಲ. ಆದರೆ ಅದರ ಮುಂದೆ ಬಂದು ಕೂರುವುದು ಅಧಿಕಾರಿಗಳಿಗೆ ಬಲು ಇರಿಸುಮುರಿಸು. ನಿಮ್ಮ ಶಾಸಕರು ಪ್ರಶ್ನೆಯ ಸಂಖ್ಯೆ, ತಾರೀಖು ಬರೆದು ಸಮಿತಿಯ ಅಧ್ಯಕ್ಷರಿಗೆ ಒಂದು ಪತ್ರ ಹಾಕಿದರೆ ಸಾಕು. ಅರ್ಜಿಗಳ ಸಮಿತಿಯೂ ಇದೆ, ಅಲ್ಲಿಗೆ ಊರಿನವರೇ ಸಹಿ ಹಾಕಿ ಸದಸ್ಯರೊಬ್ಬರ ಮೂಲಕ ಅರ್ಜಿ ಕೊಡಬಹುದು.

ಆದರೆ ನನ್ನ ಅನುಭವದಲ್ಲಿ ಇಂಥ ವಿಷಯ ಬಗೆಹರಿಯುವ ಜಾಗ ವಿಧಾನಸೌಧವೂ ಅಲ್ಲ, ಬೆಳಗಾವಿಯ ಸುವರ್ಣಸೌಧವೂ ಅಲ್ಲ. ತಾಲ್ಲೂಕಿನ ಕೆಡಿಪಿ ಸಭೆ, ಅಂದರೆ ಎಲ್ಲ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ಮೂರು ತಿಂಗಳಿಗೊಮ್ಮೆ ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ನಡೆಯುತ್ತದೆ. ಶಾಸಕರೇ ಅಧ್ಯಕ್ಷರು. ಬೋಂಡಾ, ಕಾಫಿ, ಬಾಟಲಿ ನೀರು, ಪ್ರಗತಿ ವರದಿ ಎಲ್ಲ ಇರುತ್ತದೆ. ಅಲ್ಲಿ ಒಂದು ವಿಶೇಷ ಗಮನಿಸಿ. ವಿಧಾನಸಭೆಯಲ್ಲಿ ಆರೋಗ್ಯಕ್ಕೂ ಸಾರಿಗೆಗೂ ಬೇರೆ ಬೇರೆ ದಿನ. ಇಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ) ಮತ್ತು ಡಿಪೋ ಮ್ಯಾನೇಜರ್ ಒಂದೇ ಕೋಣೆಯಲ್ಲಿ, ಮೂರು ಕುರ್ಚಿ ಆಚೀಚೆ ಕೂತಿರುತ್ತಾರೆ. ನಿಮ್ಮ ಶಾಸಕರು ಒಬ್ಬರನ್ನು ನಿಲ್ಲಿಸಿ ‘ಡಯಾಲಿಸಿಸ್ ಎಷ್ಟು ಗಂಟೆಗೆ ಮುಗಿಯುತ್ತದೆ?’ ಅಂತ ಕೇಳಬೇಕು. ಅವರು ಕೂರುವ ಮೊದಲೇ ಇನ್ನೊಬ್ಬರನ್ನು ನಿಲ್ಲಿಸಿ ‘ಕೊನೇ ಬಸ್ಸು ಎಷ್ಟು ಗಂಟೆಗೆ?’ ಅನ್ನಬೇಕು. ಆ ಒಂದು ಗಂಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಡಾವಳಿಯಲ್ಲಿ ದಾಖಲಾಗಲಿ. ಮುಂದಿನ ಸಭೆಯಲ್ಲಿ ಮೊದಲು ಓದುವುದೇ ಹಿಂದಿನ ಸಭೆಯ ಅನುಪಾಲನಾ ವರದಿ, ಅಂದರೆ ಆಗ ಹೇಳಿದ್ದರಲ್ಲಿ ಏನೇನಾಯಿತು ಎಂಬ ಲೆಕ್ಕ. ಸದನದಲ್ಲಿ ‘ಬಂದಿದೆ’ ಅಂತ ಒಪ್ಪಿದ ಕಾಗದ ಅಲ್ಲಿ ಕೆಲಸಕ್ಕೆ ಬರುತ್ತದೆ.

ಪ್ರತಿ ತಿಂಗಳ 9ನೇ ತಾರೀಖಿನ ಗರ್ಭಿಣಿಯರ ತಪಾಸಣೆಯನ್ನೂ ಆಗಲೇ ಎತ್ತಿಸಿ. ದಿನ ಗೊತ್ತಿರುವ ಕೆಲಸ ಅದು. ಆ ಒಂದು ದಿನ 7.15ರ ಬಸ್ಸು ತಪ್ಪಬಾರದು ಅಂತ ಬರೆಸಿಕೊಂಡರೆ ಡಿಪೋಗೂ ಭಾರವಲ್ಲ.

ಇಷ್ಟೆಲ್ಲ ಹೇಳುವಾಗ ಯಾರಾದರೂ ‘ಶಾಸಕರ ನಿಧಿಯಲ್ಲಿ ಒಂದು ಆಂಬುಲೆನ್ಸ್ ಕೊಡಿಸಿಬಿಡೋಣ’ ಅಂತಾರೆ. ಬೇಡ. ಗಾಡಿ ಬರುತ್ತದೆ, ಬಾಗಿಲಿಗೆ ಶಾಸಕರ ಫೋಟೊ ಬರುತ್ತದೆ. ಡ್ರೈವರ್ ಸಂಬಳ, ಡೀಸೆಲ್, ಟೈರು ಆ ನಿಧಿಯಲ್ಲಿ ಬರುವುದಿಲ್ಲ. ಎರಡು ಮಳೆಗಾಲ ಕಳೆದರೆ ಆಸ್ಪತ್ರೆ ಹಿಂದೆ ಹುಲ್ಲು ಬೆಳೆದ ಜಾಗದಲ್ಲಿ ನಿಂತಿರುತ್ತದೆ. ಇನ್ನು 108 ಇದೆ, 2008ರ ನವೆಂಬರಿನಿಂದ ಓಡುತ್ತಿದೆ. ಆದರೆ ಅದು ತುರ್ತಿಗೆ, ವಾರಕ್ಕೆರಡು ಸಲದ ಡಯಾಲಿಸಿಸ್‌ಗೆ ಅಲ್ಲ. ಹೆರಿಗೆಯಾದ ತಾಯಿ ಮಗುವನ್ನು ಮನೆಗೆ ಬಿಡಲು ನಗು-ಮಗು ವಾಹನ ಇದೆ, ಅದನ್ನು ಕೇಳಿ ಪಡೆಯಿರಿ. ಎಷ್ಟೋ ಜನ ಗೊತ್ತಿಲ್ಲದೆ ಬಾಡಿಗೆ ಕಾರು ಮಾಡಿಕೊಂಡು ಬರುತ್ತಾರೆ.

ನಿಮ್ಮ ಅಪ್ಪನ ವಿಷಯ ಮಾತ್ರ ಅಧಿವೇಶನದ ತನಕ ಕಾಯಬೇಡಿ. ಈ ವಾರವೇ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯನ್ನು ನೋಡಿ. ದೂರದ ಊರಿನವರಿಗೆ ಬೆಳಗಿನ ಪಾಳಿ, ಬಸ್ಸು ತಪ್ಪಿ ತಡವಾಗಿ ಬಂದ ದಿನ ಪೇಟೆಯವರೊಬ್ಬರ ಜೊತೆ ಪಾಳಿ ಅದಲುಬದಲು ಅಂತ ಕೇಳಿ. ಇದಕ್ಕೆ ಯಾವ ಸಚಿವರ ಒಪ್ಪಿಗೆಯೂ ಬೇಡ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಶಾಸಕರೇ ಅಧ್ಯಕ್ಷರಾಗಿರುತ್ತಾರೆ, ಅಗತ್ಯ ಬಿದ್ದರೆ ಅಲ್ಲಿ ಹೇಳಿಸಿ. ಬಸ್ಸು ಬಾರದ ದಿನಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತುತ್ತಾ ಬನ್ನಿ. ಮೂರು ತಿಂಗಳಾದ ಮೇಲೆ ಮಾಹಿತಿ ಹಕ್ಕಿನಲ್ಲಿ ಅದೇ ದಿನಗಳ ಲಾಗ್‌ಶೀಟ್ (ಬಸ್ಸಿನ ಓಡಾಟದ ದಾಖಲೆ) ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಡಿಪಿ ಸಭೆಗೆ ಹೋಗುವಾಗ ಉತ್ತರದ ಪ್ರತಿಯನ್ನು ಮುದ್ರಿಸಿಕೊಂಡು ಒಯ್ಯಿರಿ. ಮೊಬೈಲಿನಲ್ಲಿ ತೋರಿಸಿದರೆ ‘ಆಮೇಲೆ ಕಳಿಸಿ, ನೋಡೋಣ’ ಅಂತಾರೆ.